ಕೆಟ್ಟು ನಿಂತ ಬಸ್ಸಿನ ಟಿಕೆಟ್

ಗಂಡ ಲ್ಯುಬೆನ್‌ನನ್ನು ಮಣ್ಣು ಮಾಡಿದ್ದು ಶನಿವಾರ. ಭಾನುವಾರವೆಲ್ಲ ಬರುವವರು ಹೋಗುವವರು ಮುಗಿಯಲಿಲ್ಲ. ಸೋಮವಾರ ಬೆಳಿಗ್ಗೆ ಯಾರೂ ಬಾಗಿಲು ತಟ್ಟಲಿಲ್ಲ. ಕೆಳಗೆ ಕಸದ ಲಾರಿ ಬಂತು, ಮೇಲಿನ ಮನೆಯವರು ನಲ್ಲಿ ಬಿಟ್ಟರು, ಹೊರಗೆ ಎಲ್ಲ ಎಂದಿನಂತೆ ಶುರುವಾಯಿತು.

ನೆವೆನಾ ಎದ್ದು ತಲೆ ಬಾಚಿಕೊಳ್ಳಲು ಹೋದಳು. ಕನ್ನಡಿಗೆ ಅತ್ತೆ ರಾಯ್ನಾ ದುಪ್ಪಟಿ ಹೊದಿಸಿದ್ದರು. ಸಾವಿನ ಮನೆಯಲ್ಲಿ ನಲವತ್ತು ದಿನ ಅದನ್ನು ತೆಗೆಯುವ ಹಾಗಿರಲಿಲ್ಲ. ಕೈಗೆ ಸಿಕ್ಕಷ್ಟು ಕೂದಲನ್ನು ಹಿಂದಕ್ಕೆ ಕಟ್ಟಿ, ಕಪ್ಪು ಅಂಗಿ ಹಾಕಿಕೊಂಡು ಅಡುಗೆಮನೆಗೆ ಬಂದಳು.

"ಇವತ್ತೇ ಕೆಲಸಕ್ಕೆ ಹೋಗ್ಬೇಕಾ ಮಗಳೇ?"

"ಮನೇಲಿ ಕೂತು ಏನ್ಮಾಡ್ಲಿ ಅತ್ತೆ?"

"ಏನೂ ಮಾಡ್ಬೇಡ. ಸುಮ್ನೆ ಕೂತ್ಕೋ. ನಾನು ಕೂತಿಲ್ವಾ?"

ರಾಯ್ನಾ ಕೂತೇ ಇದ್ದರು. ಒಬ್ಬನೇ ಮಗ. ಹಳ್ಳಿಯಿಂದ ಬಂದವರು ನಲವತ್ತು ದಿನ ಇಲ್ಲೇ ಇರುವುದೆಂದು ಯಾರೂ ಹೇಳದೆ ನಿಶ್ಚಯವಾಗಿತ್ತು. ನೆವೆನಾ ಒಂದು ಚೂರು ಬ್ರೆಡ್ಡು ಬಾಯಿಗೆ ಹಾಕಿಕೊಂಡು ಹೊರಟಳು. ಅವಳಿಗೆ ಮೂವತ್ತೊಂದು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಯಾರು ಸತ್ತರೂ ಊರು ನೀರು ಕುಡಿಯುವುದನ್ನು ಬಿಡುವುದಿಲ್ಲ. ಬಾಟಲಿಗಳು ಬಂದೇ ಬರುತ್ತವೆ.

ಐದನೆಯ ಮಹಡಿಯಿಂದ ಮೆಟ್ಟಿಲು ಇಳಿದಳು. ಲಿಫ್ಟು ಇನ್ನೂ ಕೆಟ್ಟೇ ಇತ್ತು. ಕಳೆದ ಗುರುವಾರ ಲ್ಯುಬೆನ್ ಸ್ನಾನದ ಮನೆಯಲ್ಲಿ ಬಿದ್ದಾಗಲೂ ಕೆಟ್ಟಿತ್ತು. ಆಂಬುಲೆನ್ಸಿನವರ ಸ್ಟ್ರೆಚರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಆಗ ಎರಡನೆಯ ಮಹಡಿಯ ಗೆಂಚೊ ಬನಿಯನ್ನಿನಲ್ಲೇ ಓಡಿ ಬಂದು, ಅವನನ್ನು ಕಂಬಳಿಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತು ಐದು ಮಹಡಿ ಇಳಿಸಿದ್ದ. ವಯಸ್ಸು ಐವತ್ತೆಂಟು. "ಇನ್ನೇನು ಬಂತು ಮಗನೇ, ಇನ್ನೇನು ಬಂತು" ಎನ್ನುತ್ತಾ ಇಳಿದಿದ್ದ. ಕೇಳುವವನಿಗೆ ಆಗಲೇ ಏನೂ ಕೇಳಿಸುತ್ತಿರಲಿಲ್ಲ. ಲ್ಯುಬೆನ್‌ನ ಫೋಟೊ ಹಾಕಿದ ಸಾವಿನ ಹಾಳೆಗಳನ್ನು ಕಟ್ಟಡದ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸಿ ಬಂದವನೂ ಗೆಂಚೊನೇ.

ಅವಳು ಹತ್ತಿದ ಟ್ರಾಲಿ ಬಸ್ಸು ಸಂತೆಕಟ್ಟೆಯ ತಿರುವಿನಲ್ಲಿ ಕೆಟ್ಟಿತು. ಬಸ್ಸಿಗೆ ಕರೆಂಟು ತರುವ ಮೇಲಿನ ಕೋಲುಗಳು ತಂತಿಯಿಂದ ಜಾರಿದವು. ಡ್ರೈವರು ಇಳಿದು ಹಗ್ಗ ಜಗ್ಗಿದ, ಬೈದ, ಕೊನೆಗೆ ಕೈ ಆಡಿಸಿ ಎಲ್ಲರನ್ನೂ ಇಳಿಸಿದ. ಹಿಂದೆ ಬರುತ್ತಿದ್ದ ಬಸ್ಸಿಗೆ ಎಲ್ಲರೂ ಹತ್ತಿದರು. ಹೀಗಾದಾಗ ಹಳೆಯ ಟಿಕೆಟ್ಟೇ ನಡೆಯುತ್ತದೆ. ಊರಿಗೆಲ್ಲ ಗೊತ್ತಿದ್ದ ವಿಷಯ. ಬಸ್ಸು ಹತ್ತಿದ ಕೂಡಲೇ ಟಿಕೆಟನ್ನು ಕಿಟಕಿಯ ಪಕ್ಕದ ಸಣ್ಣ ಯಂತ್ರಕ್ಕೆ ತೂರಿಸಿ ತೂತು ಮಾಡಿಕೊಳ್ಳಬೇಕು. ಒಂದೊಂದು ಬಸ್ಸಿನ ತೂತು ಒಂದೊಂದು ಥರ. ಚೆಕಿಂಗ್‌ನವರು ಹತ್ತಿದೊಡನೆ ತಮ್ಮ ಕಾಗದವನ್ನೂ ತೂತು ಮಾಡಿಕೊಂಡು, ಜನರ ಟಿಕೆಟಿಗೆ ಹೋಲಿಸಿ ನೋಡುತ್ತಾರೆ.

ಆಸ್ಪತ್ರೆಯ ನಿಲ್ದಾಣದಲ್ಲಿ ಇಬ್ಬರು ಚೆಕಿಂಗ್‌ನವರು ಹತ್ತಿದರು. ಒಬ್ಬ ಗೆಂಚೊ.

"ಇದು ನಮ್ಮ ಬಸ್ಸಿನ ತೂತಲ್ವಲ್ಲ" ಎಂದ ಮುಂದಿನ ಸೀಟಿನವನಿಗೆ.

"ಆ ಬಸ್ಸು ಕೆಟ್ಟೋಯ್ತು ಸ್ವಾಮಿ. ಸಂತೆ ಹತ್ರ."

"ಓ, ಸರಿ ಸರಿ."

ಇನ್ನೊಬ್ಬನಿಗೂ ಅದೇ ಮಾತು, ಚೀಲ ಹಿಡಿದ ಮುದುಕಿಗೂ ಅದೇ ಮಾತು. ನಾಲ್ಕನೆಯವರ ಹೊತ್ತಿಗೆ ಅವನು ಕೇಳುವುದನ್ನೇ ಬಿಟ್ಟ. ನೆವೆನಾ ಟಿಕೆಟ್ ಚಾಚಿದಳು. ಗೆಂಚೊ ಅದನ್ನು ನೋಡಲೂ ಇಲ್ಲ. ಅವಳ ಬೆರಳುಗಳನ್ನು ಟಿಕೆಟಿನ ಮೇಲೆ ಮಡಚಿ, "ನೀನು ಬಿಡಮ್ಮ" ಎಂದ. ಕೈ ಬೆಚ್ಚಗಿತ್ತು.

ಅವಳಿಂದ ಎರಡು ಸೀಟು ಆಚೆ, ಬಾಗಿಲ ಹತ್ತಿರ ಒಬ್ಬಾಕೆ ನಿಂತಿದ್ದಳು. ಅರವತ್ತರ ಆಸುಪಾಸು. ಬೀದಿ ಗುಡಿಸುವವರ ಕಿತ್ತಳೆ ಬಣ್ಣದ ಮೇಲಂಗಿ, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ಜಿಪ್ಸಿ ಹೆಂಗಸು. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೊರಟಿದ್ದಳು.

"ಇದು ನಾಲ್ಕು ತೂತು. ನಮ್ಮದು ಮೂರು" ಎಂದ ಗೆಂಚೊ.

"ಕೆಟ್ಟ ಬಸ್ಸಲ್ಲಿ ಹಾಕಿದ್ದು ಸ್ವಾಮಿ. ಎಲ್ಲರ ಜೊತೆ ನಾನೂ ಹತ್ತಿದೆ. ಅವರದ್ದೂ ನಾಲ್ಕೇ ಇರತ್ತೆ, ನೋಡಿ."

"ಅವರ ವಿಷಯ ನಿನಗ್ಯಾಕೆ? ಕಸದಲ್ಲಿ ಹೆಕ್ಕಿದ್ದು ತಾನೇ? ಗುಡಿಸೋಳಿಗೆ ಟಿಕೆಟಿಗೇನು ಬರ!"

ಹಿಂದೆ ಯಾರೋ ನಕ್ಕರು.

"ಕಸದ್ದಾಗಿದ್ರೆ ಒದ್ದೆ ಇರ್ತಿತ್ತು" ಎಂದಳು ಆಕೆ. "ಬೆಳಗಿನ ಜಾವ ಆ ಬೀದಿಗೆಲ್ಲ ನೀರು ಹೊಡೆದವಳು ನಾನೇ."

ಈಗ ನಕ್ಕವರು ಹೆಚ್ಚು ಜನ. ಆದರೆ ಈ ಸಲ ನಗು ಗೆಂಚೊನ ಮೇಲೆ ಬಿತ್ತು. ಅವನ ಕತ್ತು ಕೆಂಪಾಯಿತು. "ಇಳಿ" ಎಂದು ಆಕೆಯ ತೋಳು ಹಿಡಿದ.

ಆಕೆ ಬಸ್ಸಿನ ಸುತ್ತ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರ ಮುಖ ನೋಡಿದಳು. ಜನ ಕಿಟಕಿಯಾಚೆ ನೋಡಿದರು, ಫೋನು ನೋಡಿಕೊಂಡರು. ಚೀಲದ ಮುದುಕಿ ತನ್ನ ಚೀಲದ ಒಳಗೆ ನೋಡಿಕೊಂಡಳು. ಕೊನೆಗೆ ಆಕೆಯ ಕಣ್ಣು ನೆವೆನಾಳ ಮೇಲೆ ಬಂದು ನಿಂತಿತು. ನಾಲ್ಕು ತೂತಿನ ಟಿಕೆಟ್ ನೆವೆನಾಳ ಮುಷ್ಟಿಯಲ್ಲೇ ಇತ್ತು. ಬಾಯಿ ತೆರೆಯಬೇಕೆಂದು ಅವಳಿಗೆ ಗೊತ್ತಿತ್ತು. ಹೆದರಿಕೆಯಾಗಿದ್ದರೆ ಎಷ್ಟೋ ವಾಸಿಯಿತ್ತು. ಹೆದರಿಕೆಯೂ ಇರಲಿಲ್ಲ. ಎಲ್ಲ ತುಂಬಾ ದೂರದಲ್ಲಿ, ಬಾಟಲಿಯೊಳಗಿನ ನೀರಿನಲ್ಲಿ ನಡೆಯುತ್ತಿದ್ದ ಹಾಗೆ ಇತ್ತು.

ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ಪೊರಕೆಯ ಹಿಡಿ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಗೆಂಚೊ ಅದನ್ನು ತನ್ನ ಕಡೆಗೆ ಜೋರಾಗಿ ಎಳೆದ. ಹಿಡಿಯ ತುದಿ ಅವನ ಎದೆಗೆ ತಾಗಿತು. ಅವನು ಆಕೆಯನ್ನು ತಳ್ಳಿದ. ಆಕೆ ಮೆಟ್ಟಿಲು ತಪ್ಪಿ ಫುಟ್‌ಪಾತಿನ ಅಂಚುಗಲ್ಲಿನ ಮೇಲೆ, ಬಲಗೈ ಅಡಿಯಾಗಿ ಬಿದ್ದಳು. ಪೊರಕೆ ಹಿಂದೆಯೇ ಬಂದು ಬಿತ್ತು. ಬಾಗಿಲು ಮುಚ್ಚಿತು.

"ಇವರಿಗೆ ಇದೇ ಭಾಷೆ ಅರ್ಥ ಆಗೋದು" ಎಂದ ಗೆಂಚೊ, ಏದುಸಿರು ಬಿಡುತ್ತಾ, ಯಾರಿಗೂ ಅಲ್ಲದ ಹಾಗೆ.

ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನೆವೆನಾ ತನ್ನ ನಿಲ್ದಾಣದಲ್ಲಿ ಇಳಿದಳು. ಅಂದು ಹದಿನಾಲ್ಕು ಬಾಟಲಿ ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ನೋಡಿ ಬರೆದಳು. ಒಂದೂ ತಪ್ಪಲಿಲ್ಲ.

ಮಂಗಳವಾರ ಸಂಜೆ ಗೆಂಚೊ ಒಂದು ಬಟ್ಟಲು ದ್ರಾಕ್ಷಿ ಹಿಡಿದು ಮೇಲೆ ಬಂದ. ರಾಯ್ನಾ ಅವನಿಗೆ ಕುರ್ಚಿ ಎಳೆದುಕೊಟ್ಟು, ಕೇಳದೆಯೇ ಒಂದು ಸಣ್ಣ ಲೋಟಕ್ಕೆ ಹಣ್ಣಿನ ಸಾರಾಯಿ ರಾಕಿಯಾ ಸುರಿದರು. ಅವನು ಕುಡಿಯುವ ಮೊದಲು ಸತ್ತವನ ಹೆಸರಿಗೆ ಒಂದು ಹನಿ ನೆಲಕ್ಕೆ ಬಿಟ್ಟ.

"ಆ ಹೆಂಗಸು ಆಸ್ಪತ್ರೆಗೆ ಹೋಗಿದಾಳೆ" ಎಂದ. "ಮಣಿಕಟ್ಟು ಮುರಿದಿದೆಯಂತೆ. ಆಸ್ಪತ್ರೆಯವರು ಪೊಲೀಸಿಗೆ ಹೇಳಿದಾರೆ. ಈಗ ಕಾಗದ ಓಡಾಡ್ತಿದೆ."

"ದೇವರೇ" ಎಂದರು ರಾಯ್ನಾ.

"ಹೆದರೋದೇನಿಲ್ಲ ಅಕ್ಕ. ನಾನೂ ದೂರು ಕೊಟ್ಟಿದೀನಿ, ಅವಳೇ ಮೊದಲು ಪೊರಕೇಲಿ ಹೊಡೆದಳು ಅಂತ. ನನ್ನ ಜೊತೆಯವನೂ ಸಹಿ ಹಾಕಿದಾನೆ. ಆದರೆ ಅವನು ನಮ್ಮವನೇ ಅಲ್ವಾ? ಹೊರಗಿನವರ ಸಹಿ ಒಂದು ಬೇಕಂತೆ." ಮಡಚಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ನೆವೆನಾಳ ಕಡೆ ತಳ್ಳಿದ. "ನೀನು ಅಲ್ಲೇ ಇದ್ದೆಯಲ್ಲಮ್ಮ. ಓದಿದವಳು, ಸರಕಾರಿ ಕೆಲಸದವಳು. ನಿನ್ನ ಮಾತಿಗೆ ತೂಕ ಇದೆ."

ಹಾಳೆಯಲ್ಲಿ ಎಂಟು ಸಾಲಿತ್ತು. ಪ್ರಯಾಣಿಕಳು ಪೊರಕೆಯಿಂದ ಎದೆಗೆ ಹೊಡೆದಳು. ಆಮೇಲೆ ತಾನಾಗಿಯೇ ಆಯ ತಪ್ಪಿ ಬಿದ್ದಳು. ಕೆಳಗೆ ನೆವೆನಾಳ ಹೆಸರು ಆಗಲೇ ಟೈಪಾಗಿತ್ತು.

"ಇದಕ್ಕೆ ಸಹಿ ಹಾಕಿದ್ರೆ ಆಕೆಗೇನಾಗತ್ತೆ?" ಎಂದು ಕೇಳಿದಳು.

"ಏನಾಗತ್ತೆ? ಡ್ಯೂಟಿ ಮೇಲಿದ್ದವನಿಗೆ ಹೊಡೆದ ಕೇಸು. ಪುರಸಭೆಯವರು ಕೆಲಸದಿಂದ ತೆಗೀತಾರೆ. ಪೊರಕೆ ಕೆಲಸ ತಾನೇ, ಇನ್ನೊಂದು ಕಡೆ ಸಿಗತ್ತೆ." ಗೆಂಚೊ ಲೋಟ ತಿರುಗಿಸಿದ. "ಹಾಕದೆ ಇದ್ರೆ ನನಗೇನಾಗತ್ತೆ ಅಂತ ಕೇಳು. ಪೆನ್ಷನ್‌ಗೆ ಎರಡು ವರ್ಷ ಇದೆ."

"ಪೆನ್ನು ಕೊಡಲಾ ಮಗಳೇ?" ಎಂದರು ರಾಯ್ನಾ.

"ಓದಿ ಕೊಡ್ತೀನಿ."

"ಎಂಟು ಸಾಲಲ್ಲಿ ಓದೋದೇನಿದೆ!" ಗೆಂಚೊ ನಕ್ಕ. ನಿಜವಾದ ನಗುವೇ. "ಯೂನಿವರ್ಸಿಟಿಯವರ ಕತೆಯೇ ಇಷ್ಟು. ಇರಲಿ, ಗುರುವಾರ ಬೆಳಿಗ್ಗೆಯೊಳಗೆ ಕೊಡು. ದ್ರಾಕ್ಷಿ ತೊಳೆದಿದೆ, ಹಾಗೇ ತಿನ್ನಿ."

ಅವನ ಹೆಜ್ಜೆ ಮೆಟ್ಟಿಲಲ್ಲಿ ಕರಗಿತು.

"ಹೊಡೆದಳಾ?" ಎಂದು ಕೇಳಿದರು ರಾಯ್ನಾ.

"ಇಲ್ಲ."

"ಸರಿಯಾಗಿ ನೋಡಿದೆಯಾ? ಆವತ್ತು ನಿನ್ನ ಸ್ಥಿತಿ ಹೇಗಿತ್ತು! ಯಾರಿಗಾದ್ರೂ ಕಣ್ಣು ಕತ್ತಲೆ ಕಟ್ಟಿರತ್ತೆ."

"ಕಣ್ಣಿಗೇನೂ ಆಗಿರ್ಲಿಲ್ಲ ಅತ್ತೆ. ಬಾಯಿ ಬರಲಿಲ್ಲ, ಅಷ್ಟೇ."

ರಾಯ್ನಾ ದ್ರಾಕ್ಷಿಯ ಬಟ್ಟಲನ್ನು ಮೇಜಿನ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಸರಿಸಿದರು. "ನನ್ನ ಮಗನ್ನ ಬೆನ್ನ ಮೇಲೆ ಹೊತ್ತವನು ಅವನು. ನಾನಿರಲಿಲ್ಲ, ನೀನು ನೋಡಿದೀಯ. ನಲವತ್ತು ದಿನ ಲ್ಯುಬೆನ್ ಇಲ್ಲೇ ಸುತ್ತ ಇರ್ತಾನೆ. ಅವನ ಕಿವಿಗೆ ಜಗಳ ಬೀಳೋದು ಬೇಡ."

ನೆವೆನಾ ಹಾಳೆಯನ್ನು ಫ್ರಿಜ್ಜಿನ ಮೇಲಿಟ್ಟಳು. ಅವಳಿಗೆ ನಿದ್ದೆ ಬೇಕಿತ್ತು. ಯಾವುದನ್ನಾದರೂ ಮಾಡುವುದಕ್ಕಿಂತ ಮಾಡದೆ ಇರುವುದು ಸುಲಭವಾಗಿರಬೇಕಿತ್ತು. ಈಗ ಸುಮ್ಮನಿರುವುದಕ್ಕೂ ಒಂದು ಗಡುವು ಬಂದಿತ್ತು.

ಬುಧವಾರ ನಿಲ್ದಾಣದಲ್ಲಿ, ಲ್ಯುಬೆನ್‌ನ ಹಾಳೆಯ ಕೆಳಗೆ, ನೋಟ್‌ಬುಕ್ಕಿನಿಂದ ಹರಿದ ಇನ್ನೊಂದು ಹಾಳೆ ಅಂಟಿಸಿತ್ತು. ಕೆಳಗಂಚನ್ನು ಕತ್ತರಿಸಿ ಪಟ್ಟಿ ಪಟ್ಟಿಯಾಗಿ ಫೋನ್ ನಂಬರು ಬರೆದಿದ್ದರು, ಬಾಡಿಗೆ ಮನೆಯ ಜಾಹೀರಾತಿಗೆ ಮಾಡುವ ಹಾಗೆ. ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಆಸ್ಪತ್ರೆ ದಾಟಿದ ನಂತರದ ನಿಲ್ದಾಣದಲ್ಲಿ ನನ್ನ ತಾಯಿಯನ್ನು ಬಸ್ಸಿಂದ ತಳ್ಳಿದ್ದನ್ನು ನೋಡಿದವರು ಇದ್ದರೆ ದಯವಿಟ್ಟು ಫೋನ್ ಮಾಡಿ. ಅವರು ಯಾರಿಗೂ ಹೊಡೆದಿಲ್ಲ. 'ಯಾರಿಗೂ' ಎಂಬುದರ ಕೆಳಗೆ ಎರಡು ಗೆರೆ.

ಒಂದು ಪಟ್ಟಿಯನ್ನೂ ಯಾರೂ ಹರಿದುಕೊಂಡಿರಲಿಲ್ಲ. ನಿಲ್ದಾಣದಲ್ಲಿ ಏಳು ಜನ ನಿಂತಿದ್ದರು. ಅವರಲ್ಲಿ ಚೀಲದ ಮುದುಕಿಯೂ ಇದ್ದಳು. ನೆವೆನಾ ಕೈ ಚಾಚಿ ಒಂದು ಪಟ್ಟಿ ಹರಿದುಕೊಂಡಳು. ಮುದುಕಿ ಅವಳನ್ನೂ ನೋಡಲಿಲ್ಲ, ಹಾಳೆಯನ್ನೂ ನೋಡಲಿಲ್ಲ.

ಪ್ರಯೋಗಾಲಯದಿಂದ ಫೋನ್ ಮಾಡಿದಳು.

"ಮನೆ ಬಾಡಿಗೆಗಲ್ಲ ಇದು" ಎಂದಿತು ಆಚೆಯ ದನಿ, ಹಲೋ ಅನ್ನುವ ಮೊದಲೇ.

"ಗೊತ್ತು. ನಾನು ನೋಡಿದೆ."

"ನೀವು ಅವನ ಕಡೆಯವರಾ?"

"ಒಂದೇ ಕಟ್ಟಡದಲ್ಲಿದ್ದೀವಿ."

"ಮತ್ತೆ ನಮಗ್ಯಾಕೆ ಫೋನು? ಏನು, ಕೇಸು ವಾಪಸ್ ತಗೊಳ್ಳಿ ಅಂತಾನಾ?"

"ಅಲ್ಲ. ಅವರು ಹೊಡೀಲಿಲ್ಲ. ನನ್ನ ಟಿಕೆಟ್ಟೂ ಅದೇ ಬಸ್ಸಿಂದು. ಇಟ್ಕೊಂಡಿದೀನಿ."

ಆ ಹುಡುಗಿಯ ಹೆಸರು ಸೆವ್ದಾ. ನಾಳೆ ಹತ್ತು ಗಂಟೆಗೆ ತಾಯಿಯನ್ನು ಠಾಣೆಗೆ ಕರೆದಿದ್ದಾರೆಂದಳು. ಆಮೇಲೆ ಕೇಳಿದಳು: "ನಿಜವಾಗ್ಲೂ ಬರ್ತೀರಾ, ಇಲ್ಲ ಸುಮ್ನೆ ಹೇಳ್ತಿದೀರಾ? ಸುಮ್ನೆ ಹೇಳೋದಾದ್ರೆ ಈಗಲೇ ಹೇಳ್ಬಿಡಿ. ನಾನು ಅಮ್ಮನಿಗೆ ಹೇಳಲ್ಲ."

"ಬರ್ತೀನಿ" ಎಂದಳು ನೆವೆನಾ. ಮಾತು ಹೊರಬಿದ್ದ ಮೇಲೆ ಧೈರ್ಯವೇನೂ ಬಂದ ಹಾಗಾಗಲಿಲ್ಲ. ಇನ್ನೊಂದು ಕೆಲಸ ತಲೆಗೆ ಹತ್ತಿದ ಹಾಗಾಯಿತು, ಅಷ್ಟೇ.

ಗುರುವಾರ ಇಳಿಯುವಾಗ ಎರಡನೆಯ ಮಹಡಿಯ ಬಾಗಿಲು ತಟ್ಟಿದಳು. ಗೆಂಚೊ ಅರ್ಧ ಮುಖಕ್ಕೆ ಕ್ಷೌರದ ನೊರೆ ಹಚ್ಚಿಕೊಂಡು ಬಂದ. ಹಾಳೆ ಇಸಿದುಕೊಂಡು ಕೆಳಗೆ ನೋಡಿದ.

"ಸಹಿ ಇಲ್ಲ."

"ಅವಳು ಹೊಡೀಲಿಲ್ಲ ಗೆಂಚಣ್ಣ."

"ಪೊರಕೆ ನನ್ನ ಎದೆಗೆ ತಾಗಿದ್ದು ಸುಳ್ಳಾ? ಇಲ್ಲಿ ನೋಡು, ನೀಲಿಗಟ್ಟಿದೆ."

"ತಾಗಿತು. ಬಾಗಿಲಿಗೆ ಸಿಕ್ಕಿಕೊಂಡಿತ್ತು. ಎಳೆದವರು ನೀವೇ."

ಗೆಂಚೊ ಮೆಟ್ಟಿಲ ಮೇಲೆ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ದನಿ ತಗ್ಗಿಸಿದ. "ಆಯ್ತು. ಸಹಿ ಬೇಡ ಬಿಡು. ಸುಮ್ನೆ ಇರು. ಅಷ್ಟಾದ್ರೂ ಮಾಡು. ಆವತ್ತು ಬಸ್ಸಲ್ಲಿ ಸುಮ್ನಿದ್ದೆಯಲ್ಲ, ಹಾಗೇ ಇದ್ದುಬಿಡು."

"ಈಗ ಠಾಣೆಗೇ ಹೋಗ್ತಿದೀನಿ."

ಅವನ ಗಲ್ಲದ ನೊರೆ ಒಣಗುತ್ತಿತ್ತು. "ಐದು ಮಹಡಿ, ನೆವೆನಾ" ಎಂದ.

ಅವಳು ಮೆಟ್ಟಿಲು ಇಳಿದು ಹೋದಳು.

ಠಾಣೆಯ ಕಾರಿಡಾರಿನಲ್ಲಿ ಒಂದು ಉದ್ದ ಬೆಂಚು. ತಾಯಿ ಮಗಳು ಕೂತಿದ್ದರು. ತಾಯಿಯ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಕಿತ್ತಳೆ ಅಂಗಿ ಇಲ್ಲದೆ ಆಕೆ ಚಿಕ್ಕದಾಗಿ ಕಂಡಳು. ಹೆಸರು ಫಿಕ್ರಿಯೆ. ನೆವೆನಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಕಿಟಕಿ ಪಕ್ಕ ಕೂತಿದ್ದೆ ನೀನು."

"ಹೌದು."

"ನಾನು ನಿನ್ನ ಕಡೆ ನೋಡಿದೆ."

"ಹೌದು."

"ಆವಾಗ ನಾಲಿಗೆ ಎಲ್ಲಿಟ್ಟಿದ್ದೆ?"

"ಅಮ್ಮಾ" ಎಂದಳು ಸೆವ್ದಾ.

"ನೀನು ಸುಮ್ನಿರೇ. ಕೇಳೋದ್ರಲ್ಲಿ ತಪ್ಪೇನು? ಎರಡು ಮಾತು ಆಡಿದ್ರೆ ನನ್ನ ಕೈ ಉಳೀತಿತ್ತು. ಬಂದಿದಾಳೆ ಅಂತ ಪಾದ ತೊಳೀಲಾ?" ಫಿಕ್ರಿಯೆ ನೆವೆನಾಳ ಕಪ್ಪು ಬಟ್ಟೆ ನೋಡಿದಳು. "ಯಾರು ಹೋಗಿದ್ದು?"

"ನನ್ನ ಗಂಡ. ಎರಡು ದಿನ ಆಗಿತ್ತು ಅವತ್ತಿಗೆ, ಮಣ್ಣು ಮಾಡಿ."

ಫಿಕ್ರಿಯೆ ಬೆಂಚಿನ ಮೇಲೆ ಸ್ವಲ್ಪ ಸರಿದಳು, ಅವಳಿಗೆ ಜಾಗವಾಗುವಷ್ಟು. "ದೇವರು ಅವನನ್ನ ಕ್ಷಮಿಸಲಿ" ಎಂದಳು, ಸತ್ತವರಿಗೆ ಎಲ್ಲರೂ ಹೇಳುವ ಹಾಗೆ. ಆಮೇಲೆ, "ನನ್ನ ಪೊರಕೆ ಎಲ್ಲಿ ಹೋಯ್ತು ಅಂತ ನೋಡಿದೆಯಾ? ಹೊಸದು. ಪುರಸಭೆಯವರು ಬಿಡಲ್ಲ ನನ್ನ."

"ನಿಮ್ಮ ಹಿಂದೇನೇ ಬಿತ್ತು. ಆಮೇಲೆ ಬಸ್ಸು ಹೊರಟಿತು."

"ಯಾವನೋ ಹೊತ್ಕೊಂಡು ಹೋದ. ಈ ಊರಲ್ಲಿ ಗುಡಿಸೋಕೆ ಯಾರಿಗೂ ಬರಲ್ಲ, ಪೊರಕೆ ಮಾತ್ರ ಎಲ್ಲರಿಗೂ ಬೇಕು."

ಒಳಗಿದ್ದ ಪೊಲೀಸಿನವನು ನೆವೆನಾಳ ಓರಗೆಯವನು, ನೆಗಡಿಯಾಗಿತ್ತು. ಕಾಗದ ಕೊಟ್ಟು ನಿಮ್ಮ ಕೈಯಲ್ಲೇ ಬರೆಯಿರಿ ಎಂದ. ಅವಳು ಬರೆದಳು. ಬಸ್ಸು ಕೆಟ್ಟಿತ್ತು. ಎಲ್ಲರೂ ಹಿಂದೆ ಬಂದ ಬಸ್ಸು ಹತ್ತಿದೆವು. ಎಲ್ಲರ ಟಿಕೆಟಿನ ತೂತು ಬೇರೆಯಾಗಿತ್ತು. ಈಕೆಯೊಬ್ಬರನ್ನೇ ಇಳಿಸಿದರು. ಈಕೆ ಹೊಡೆಯಲಿಲ್ಲ, ಪೊರಕೆ ಬಾಗಿಲಿಗೆ ಸಿಕ್ಕಿತ್ತು. ಗೆಂಚೊ ತಳ್ಳಿದ್ದನ್ನು ನೋಡಿದೆ. ಈಕೆ ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ.

"ಇಷ್ಟೇನಾ?" ಎಂದ ಅವನು.

"ಇಷ್ಟೇ."

"ಕೊನೇದು ಬೇಡ. ಕೇಸಿಗೆ ಸಂಬಂಧ ಇಲ್ಲ. ಮೇಲಾಗಿ ಆ ಕಡೆಯವರು ಹಿಡ್ಕೋತಾರೆ, ಆವಾಗ ಸುಮ್ನಿದ್ದವಳು ಈಗ ಯಾಕೆ ಬಂದಳು ಅಂತ."

"ಇರಲಿ."

ಅವಳು ಟಿಕೆಟ್ ಮೇಜಿನ ಮೇಲಿಟ್ಟಳು. ಫಿಕ್ರಿಯೆ ಬಿದ್ದಾಗ ಎಡಗೈ ಮುಷ್ಟಿಯಲ್ಲಿ ಉಳಿದಿದ್ದ ಟಿಕೆಟನ್ನು ಸೆವ್ದಾ ಜೋಪಾನವಾಗಿಟ್ಟು ತಂದಿದ್ದಳು, ಮುದುಡಿತ್ತು. ಪೊಲೀಸಿನವನು ಅದನ್ನು ಬೆರಳಿನಿಂದ ಸಾಪು ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ನಾಲ್ಕು ತೂತಿನಲ್ಲೂ ಬೆಳಕು ಬಂತು.

"ಹ್ಞೂಂ" ಎಂದು ಮೂಗು ಒರೆಸಿಕೊಂಡ.

ಶುಕ್ರವಾರ, ಲ್ಯುಬೆನ್ ಸತ್ತ ಒಂಬತ್ತನೆಯ ದಿನ. ರಾಯ್ನಾ ನಸುಕಿನಲ್ಲೇ ಎದ್ದು ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ ಪ್ಲಾಸ್ಟಿಕ್ ಲೋಟಗಳಿಗೆ ತುಂಬಿದರು. ಹಿಂದಿನ ದಿನದಿಂದ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಆದರೆ ಲೋಟ ಹಂಚುವುದು ಹೆಂಡತಿಯ ಕೆಲಸ. ತಟ್ಟೆಯನ್ನು ಅವಳ ಕೈಗಿಟ್ಟರು.

ನೆವೆನಾ ಎಂಟನೆಯ ಮಹಡಿಯಿಂದ ಶುರುಮಾಡಿ ಇಳಿಯುತ್ತಾ ಬಂದಳು. ಕಟ್ಟಡಕ್ಕೆಲ್ಲ ಸುದ್ದಿ ಮುಟ್ಟಿತ್ತು. ಬಾಗಿಲು ತೆರೆದವರು ಅವಳ ಮುಖ ನೋಡದೆ ಲೋಟ ನೋಡಿ "ದೇವರು ಕ್ಷಮಿಸಲಿ" ಎಂದು ಇಸಿದುಕೊಂಡರು. ಸತ್ತವರ ಗೋಧಿಯನ್ನು ಬೇಡವೆನ್ನುವ ಪದ್ಧತಿಯಿಲ್ಲ. ಅದಕ್ಕೆ ಥ್ಯಾಂಕ್ಸ್ ಹೇಳುವ ಪದ್ಧತಿಯೂ ಇಲ್ಲ. ಹಾಗಾಗಿ ಯಾರಿಗೂ ಹೆಚ್ಚು ಕಷ್ಟವಾಗಲಿಲ್ಲ. ಏಳನೆಯ ಮಹಡಿಯ ನಿವೃತ್ತ ಮೇಷ್ಟರೊಬ್ಬರು ಮಾತ್ರ, "ಸರಿ ಮಾಡಿದೆಯಮ್ಮ" ಎಂದು ಪಿಸುಗುಟ್ಟಿ, ಎದುರು ಮನೆಯ ಬಾಗಿಲು ಅಲ್ಲಾಡಿದ ಕೂಡಲೇ ಒಳಗೆ ಹೋದರು.

ಎರಡನೆಯ ಮಹಡಿಯಲ್ಲಿ ಟೀವಿಯ ಸದ್ದು ಕೇಳುತ್ತಿತ್ತು. ತಟ್ಟಿದಳು. ಟೀವಿ ನಿಂತಿತು. ಬಾಗಿಲು ತೆರೆಯಲಿಲ್ಲ. ಅವಳು ಲೋಟವನ್ನು ಕಾಲೊರಸಿನ ಮೇಲಿಟ್ಟು ಬಂದಳು. ಸಂಜೆ ಅದು ಅಲ್ಲೇ ಇತ್ತು, ಇರುವೆ ಹತ್ತಿತ್ತು. ಎತ್ತಿಕೊಂಡು ಹೋಗಿ ಕೆಳಗೆ ಮರದ ಬುಡಕ್ಕೆ ಸುರಿದಳು.

ಅದಾದ ಎರಡು ವಾರಕ್ಕೆ ಸೆವ್ದಾಳ ಫೋನು ಬಂತು. ಅಮ್ಮನ ಮೇಲಿನ ದೂರು ಕೈಬಿಟ್ಟಿದ್ದಾರೆ. ಕೆಲಸವೂ ಉಳಿಯಿತು, ಪ್ಲಾಸ್ಟರು ಬಿಚ್ಚಿದ ಮೇಲೆ ಬಾ ಎಂದಿದ್ದಾರೆ. ಆ ಚೆಕಿಂಗ್‌ನವನನ್ನು ಬಸ್ಸಿನಿಂದ ತೆಗೆದು ಡಿಪೋ ಗೇಟಿಗೆ ಹಾಕಿದ್ದಾರಂತೆ, ವಿಚಾರಣೆ ಮುಗಿಯುವವರೆಗೆ. "ಅಮ್ಮ ನಿಮ್ಮನ್ನ ಕೇಳಿದಳು ಅಂತ ಹೇಳು ಅಂದಳು" ಎಂದಳು ಸೆವ್ದಾ. "ಬೈದಳು ಅಂತ ಹೇಳ್ಬೇಡ ಅಂದಳು."

ನೆವೆನಾ "ಒಳ್ಳೇದಾಯ್ತು" ಎಂದು ಫೋನಿಟ್ಟಳು. ಒಳ್ಳೆಯದಾಗಿದೆ ಎಂದು ಗೊತ್ತಾಗುತ್ತಿತ್ತು. ಖುಷಿ ಎಂಬುದು ಎಲ್ಲಿಂದಲೂ ಬರಲಿಲ್ಲ. ಗೇಟಿನಲ್ಲಿ ನಿಂತ ಗೆಂಚೊ ಕಣ್ಣ ಮುಂದೆ ಬಂದ, ಕಂಬಳಿ ಹೊತ್ತ ಗೆಂಚೊನೂ ಬಂದ. ಇಬ್ಬರೂ ಹೋಗಲಿಲ್ಲ.

ಭಾನುವಾರ ರಾಯ್ನಾ ಕಸ ಹಾಕಿ ಮೇಲೆ ಬಂದವರು ನೇರ ಅಡುಗೆಮನೆಗೆ ಬಂದು ನಿಂತರು. ಬೇಕಾದ್ದಕ್ಕಷ್ಟೇ ಮಾತು ಮತ್ತೆ ಶುರುವಾಗಿತ್ತು.

"ಕೆಳಗೆ ದೊನ್ಕಾ ಸಿಕ್ಕಿದ್ದಳು. ಗೆಂಚೊ ಹೆಂಡತಿ. ನಿಮ್ಮ ಮಗ ನಮ್ಮ ಮೆಣಸಿನಕಾಯಿ ಒಲೆ ತಗೊಂಡು ಹೋಗಿದ್ದ, ಅದು ವಾಪಸ್ ಬೇಕು ಅಂದಳು. ನಾಲ್ಕು ಜನರ ಮುಂದೆ."

ನೆವೆನಾಗೆ ಅದು ನೆನಪೇ ಇರಲಿಲ್ಲ. 'ನಮ್ಮ ಒಲೆಯ ತಂತಿ ಸುಟ್ಟಿದೆ, ಗೆಂಚಣ್ಣನ ಹತ್ರ ತಂದೆ' ಎಂದು ಲ್ಯುಬೆನ್ ಯಾವಾಗಲೋ ಹೇಳಿದ್ದ. ಬಾಲ್ಕನಿಗೆ ಹೋಗಿ ನೋಡಿದಳು. ಖಾಲಿ ಜಾಡಿಗಳ ಹಿಂದೆ, ಬಕೆಟಿನಷ್ಟು ಎತ್ತರದ ಉರುಟು ಒಲೆ, ಮುಚ್ಚಳದ ಸಮೇತ. ನಡುವಿನ ಕೊಳವೆಗೆ ಕೆಂಪು ದೊಣ್ಣೆಮೆಣಸು ಇಳಿಬಿಟ್ಟು ಸಿಪ್ಪೆ ಕಪ್ಪಾಗುವವರೆಗೆ ಸುಡುವುದು. ಸೆಪ್ಟೆಂಬರಿಡೀ ಎಲ್ಲ ಬಾಲ್ಕನಿಗಳಿಂದಲೂ ಅದೇ ವಾಸನೆ. ಇವತ್ತೂ ಬರುತ್ತಿತ್ತು. ಮುಚ್ಚಳ ತೆಗೆದಳು. ಕೊಳವೆಯ ಒಳಗೋಡೆಗೆ ಸುಟ್ಟ ಸಿಪ್ಪೆ ಅಂಟಿತ್ತು. ಲ್ಯುಬೆನ್ ಸುಟ್ಟ ಮೆಣಸಿನದು.

"ತೊಳೆದು ಕೊಡು" ಎಂದರು ರಾಯ್ನಾ ಬಾಗಿಲಲ್ಲಿ ನಿಂತು.

"ಕರೆಂಟಿನ ಒಲೆ ಅತ್ತೆ. ತೊಳೆಯೋ ಹಾಗಿಲ್ಲ."

ನೆಲದ ಮೇಲೆ ಕೂತು ಚಾಕುವಿನಿಂದ ಕೆರೆದಳು. ಸಿಪ್ಪೆ ಕರಿ ಹುಡಿಯಾಗಿ ಪೇಪರಿನ ಮೇಲೆ ಉದುರಿತು. ಕೊಳವೆಯ ತಳದಲ್ಲಿ ಒಂದು ಉದ್ದನೆಯ ಸಿಪ್ಪೆ ಉಳಿಯಿತು. ಅಲ್ಲಿಗೆ ಚಾಕು ಹೋಗಲಿಲ್ಲ. ರಾಯ್ನಾ ಒಳಗೆ ಹೋಗಿ ಒಂದು ಜಾಡಿ ತಂದು ಪಕ್ಕದಲ್ಲಿಟ್ಟರು. ಎಣ್ಣೆ ಬೆಳ್ಳುಳ್ಳಿಯಲ್ಲಿ ಹಾಕಿಟ್ಟ ಕೆಂಪು ಮೆಣಸು.

"ಎರವಲು ತಂದಿದ್ದನ್ನ ಬರಿದೇ ಕೊಡೋದು ಬೇಡ."

"ಅದು ಬೇಡ ಅತ್ತೆ. ಲಂಚ ಅಂದ್ಕೋತಾರೆ."

ರಾಯ್ನಾ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಜಾಡಿಯನ್ನು ವಾಪಸ್ ಒಳಗೆ ಒಯ್ದರು.

ಒಲೆ ನೋಡಲು ಸಣ್ಣದು, ಎತ್ತಿದರೆ ಭಾರ. ಒಳಗೆ ಇಟ್ಟಿಗೆಯ ಗೋಡೆಯಿರುತ್ತದೆ. ನೆವೆನಾ ಪ್ರತಿ ತಿರುವಿನಲ್ಲೂ ಅದನ್ನು ಇಳಿಸಿ, ಕೈ ಬದಲಿಸಿ, ಮತ್ತೆ ಎತ್ತಿಕೊಂಡು ಇಳಿದಳು. ಎರಡನೆಯ ಮಹಡಿಯಲ್ಲಿ ಕೈ ಖಾಲಿಯಿರಲಿಲ್ಲ, ಬಾಗಿಲನ್ನು ಮೊಣಕೈಯಿಂದ ತಟ್ಟಿದಳು.

ಬಾಗಿಲು ತೆರೆದದ್ದು ಗೆಂಚೊ. ಡಿಪೋ ಗೇಟಿನವರ ನೀಲಿ ಅಂಗಿ ತೊಟ್ಟಿದ್ದ. ಹಿಂದಿನಿಂದ ದೊನ್ಕಾಳ ದನಿ ಬಂತು: "ಹಾಗೇ ಇಸ್ಕೋಬೇಡ. ಹಚ್ಚಿ ನೋಡು. ಮೊದಲು ಸರಿ ಇತ್ತು ನಮ್ಮದು."

ಗೆಂಚೊ ಒಲೆಯನ್ನು ಹೊಸಿಲ ಒಳಗೆ ನೆಲದ ಮೇಲಿಟ್ಟು, ವೈರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ. ನೆವೆನಾ ಹೊಸಿಲ ಹೊರಗೆ ನಿಂತಳು. ಅದು ಕೆಂಪಾಗಲು ಹೊತ್ತು ಹಿಡಿಯುತ್ತದೆ. ಇಬ್ಬರೂ ಕೊಳವೆಯೊಳಗೆ ಬಗ್ಗಿ ನೋಡುತ್ತಾ ನಿಂತರು.

"ಪೊಲೀಸಿನವನು ನಿನ್ನ ಕಾಗದ ಓದಿ ಹೇಳಿದ" ಎಂದ ಗೆಂಚೊ, ಒಲೆಗೆ ಹೇಳುವ ಹಾಗೆ. "ಸುಮ್ನಿದ್ದೆ ಅಂತ ನೀನೇ ಬರೆದಿದೀಯಂತೆ."

"ಹೌದು."

"ಯಾಕೆ? ಯಾರು ಕೇಳಿದ್ರು ನಿನ್ನ?"

"ಸುಮ್ನಿದ್ದೆ ಗೆಂಚಣ್ಣ. ಅದಕ್ಕೆ."

ಕೊಳವೆಯಿಂದ ಸಣ್ಣಗೆ ಹೊಗೆ ಎದ್ದಿತು. ಸುಟ್ಟ ಮೆಣಸಿನ ವಾಸನೆ ಇಬ್ಬರ ಮುಖಕ್ಕೂ ಬಂತು.

"ಒಳಗೇನೋ ಉಳಿದಿದೆ" ಎಂದ.

"ಒಂದು ಸಿಪ್ಪೆ. ಚಾಕು ಹೋಗ್ಲಿಲ್ಲ ಅಲ್ಲಿಗೆ."

"ಸುಟ್ಟೋಗತ್ತೆ ಬಿಡು."

ಕೊಳವೆ ತಳದಿಂದ ಮೇಲಕ್ಕೆ ನಿಧಾನವಾಗಿ ಕೆಂಪಾಯಿತು. ಒಂದು ಪಕ್ಕ ಸ್ವಲ್ಪ ತಡವಾಗಿ ಕೆಂಪಾಯಿತು. ಗೆಂಚೊ ಅದೂ ಆಗುವವರೆಗೆ ಕಾದ. ಆಮೇಲೆ ವೈರು ಕಿತ್ತು, "ಸರಿ ಇದೆ" ಎಂದು ಒಳಗಿನವರಿಗೆ ಕೇಳುವಂತೆ ಹೇಳಿದ.